ಕೆಂಚಿ ಕುಡಿದ ನೀರು

ಮೊದಲ ಸಲ ಅದು ನನ್ನ ಪಾದಕ್ಕೆ ಗೊತ್ತಾಯಿತು. ಬೆಳಗ್ಗೆ ಎದ್ದು ಹಜಾರಕ್ಕೆ ಕಾಲಿಟ್ಟರೆ ನೆಲ ಒದ್ದೆಯಾಗಿತ್ತು, ಬೆಚ್ಚಗೂ ಇತ್ತು. ಅತ್ತಿಗೆ ನೀರು ಚೆಲ್ಲಿರಬೇಕು ಅಂದುಕೊಂಡೆ. ಲೈಟು ಹಾಕಿ ನೋಡಿದರೆ ಕೆಂಚಿ ಬಾಗಿಲ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಕರೆದರೂ ತಿರುಗಲಿಲ್ಲ.

ಕೆಂಚಿಗೆ ಎಂಟು ವರ್ಷ. ಯಲ್ಲದಕೆರೆ ಹತ್ತಿರದ ನಮ್ಮ ಹಟ್ಟಿಯಲ್ಲಿ, ಅಪ್ಪ ಕುರಿ ಕೂಡುತ್ತಿದ್ದ ರೊಪ್ಪದೊಳಗೆ ಹುಟ್ಟಿದ ನಾಯಿ. ಐದು ವರ್ಷ ಕುರಿಗಳ ಹಿಂದೆ ಓಡಾಡಿಕೊಂಡಿತ್ತು. ಲಗೇಜ್ ಆಟೊ ಒಂದು ಹಿಂಗಾಲಿನ ಮೇಲೆ ಹತ್ತಿದ ಮೇಲೆ ಕುರಿಗಳ ಸಮಕ್ಕೆ ಓಡಲು ಆಗದಾಯಿತು. ಅಣ್ಣ ದಯಾನಂದ ಹೊಳಲ್ಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತ. ಅವನ ಬಾಡಿಗೆ ಮನೆಯಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದ ನಾನೇ ಅದನ್ನು ಇಲ್ಲಿಗೆ ತಂದೆ. ಒಂದೇ ವಾರದಲ್ಲಿ ಮನೆಯ ರೀತಿ ಕಲಿಯಿತು. ಹೊರಗೆ ಹೋಗಬೇಕಾದರೆ ಬಾಗಿಲ ಬಳಿ ನಿಂತು ಮೂಗಿನಲ್ಲಿ ಒಂದು ಸಲ ಕುಂಯ್ ಅನ್ನುತ್ತಿತ್ತು, ಅಷ್ಟೆ. ಮೂರು ವರ್ಷದಲ್ಲಿ ಮಳೆ ಬಂದರೂ ಜ್ವರ ಬಂದರೂ ಒಳಗೆ ಒಂದು ಹನಿ ಬಿಟ್ಟದ್ದಿಲ್ಲ.

ಹಾಗಾಗಿ ಮೊದಲ ದಿನ ಯಾರೂ ಏನೂ ಅನ್ನಲಿಲ್ಲ. ಮೂರನೆಯ ದಿನ ಅಡುಗೆಮನೆಯ ಹೊಸ್ತಿಲ ಮೇಲಾಯಿತು. ಆರನೆಯ ದಿನ ಅಣ್ಣನ ಆಫೀಸಿನ ಫೈಲಿನ ಮೇಲೆ. ಎರಡನೆಯ ವಾರಕ್ಕೆ ದಿನಕ್ಕೆರಡು ಸಲ. ಮನೆಗೆ ಫಿನಾಯಿಲಿನ ವಾಸನೆ ಹತ್ತಿಕೊಂಡಿತು. ನಾನು ಓದಲು ಕೂತರೂ ಕಿವಿ ಕೆಂಚಿಯ ಉಗುರಿನ ಸದ್ದಿನ ಮೇಲೆಯೇ ಇರುತ್ತಿತ್ತು. ಅದು ಎದ್ದರೆ ನಾನೂ ಏಳುತ್ತಿದ್ದೆ. ಅದು ಮಲಗಿದರೆ, ಈಗ ಏಳುತ್ತದೆ ಎಂದು ಕಾಯುತ್ತಿದ್ದೆ.

ಒಬ್ಬೊಬ್ಬರದು ಒಂದೊಂದು ಕಾರಣ. ಅಣ್ಣನ ಪ್ರಕಾರ ಅದಕ್ಕೆ ವಯಸ್ಸಾಯಿತು. ಅತ್ತಿಗೆ ಮಂಗಳಾ ಹೇಳಿದ್ದು, ಮಾವ ಬಂದಮೇಲೆ ನಾಯಿಗೆ ಹೊಟ್ಟೆಕಿಚ್ಚು, ಬೇಕೆಂದೇ ಮಾಡುತ್ತದೆ ಎಂದು. ಅವಳ ಮಾತಿನಲ್ಲಿ ಒಂದು ನಿಜ ಇತ್ತು. ಶುರುವಾದದ್ದು ಅಪ್ಪ ಬಂದ ಮೇಲೆಯೇ.

ಅಪ್ಪ, ಜುಂಜಪ್ಪ, ಯುಗಾದಿ ಕಳೆದ ಮೇಲೆ ಕುರಿಗಳನ್ನೆಲ್ಲ ಮಾರಿ ನಮ್ಮಲ್ಲಿಗೆ ಬಂದಿದ್ದ. ಮೊಣಕಾಲು ಎರಡೂ ಸವೆದು ಹೋಗಿದ್ದವು. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಬಂದವನು ಮಾತಾಡುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುವುದು, ಸಾಕು ಅನ್ನುವುದು, ಕಂಬಳಿ ಹಾಸಿಕೊಂಡು ಜಗಲಿಯ ಮೇಲೆ ಕೂತು ರಸ್ತೆ ನೋಡುವುದು. ನನಗೆ ಮೊದಲಿಂದಲೂ ಮಾತಿಲ್ಲದವರ ಪಕ್ಕ ಕೂರುವುದೇ ಹಿತ. ಅಪ್ಪನ ಪಕ್ಕ ಪುಸ್ತಕ ಹಿಡಿದು ಕೂರುತ್ತಿದ್ದೆ. ಅವನ ಸುಮ್ಮನಿರುವಿಕೆಯನ್ನು ನೆಮ್ಮದಿ ಅಂದುಕೊಂಡೆ, ಏನನ್ನೂ ಕೇಳಲಿಲ್ಲ. ಬೆಳಗಿನ ಜಾವ ನಮಗಿಂತ ಮುಂಚೆ ಎದ್ದು ಕೆಂಚಿಯನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದ. ಅಷ್ಟಾದರೂ ಸಹಾಯವಾಯಿತಲ್ಲ ಎನಿಸುತ್ತಿತ್ತು.

ಆ ಸೋಮವಾರ ಕೆಂಚಿ ದೇವರ ಗೂಡಿನ ಕೆಳಗೆ ಉಚ್ಚೆ ಹೊಯ್ದಿತು. ಅತ್ತಿಗೆ ಆಗ ತಾನೆ ದೀಪ ಹಚ್ಚಿದ್ದಳು. ಅವಳು ಕೂಗಲಿಲ್ಲ. ದೀಪ ಶಾಂತ ಮಾಡಿ, ನೆಲ ಒರೆಸಿ, ಮತ್ತೆ ಸ್ನಾನಕ್ಕೆ ಹೋದಳು. ಸಂಜೆ ಅಣ್ಣ ಯಾರಿಗೋ ಫೋನು ಮಾಡಿ ಬಂದು, ಭಾನುವಾರ ಚಿತ್ತಯ್ಯ ಬರುತ್ತಾನೆ ಎಂದ.

ಚಿತ್ತಯ್ಯ ನಮ್ಮ ಹಟ್ಟಿಯವನೇ. ಈ ಸಲ ಅವನ ಕುರಿ ಮಂದೆ ಗೊಬ್ಬರಕ್ಕೆಂದು ಇಲ್ಲೇ ಹತ್ತಿರದ ಹೊಲದಲ್ಲಿ ತಂಗಿತ್ತು. ಮುಂದಿನ ವಾರ ಹೊಸದುರ್ಗದ ಕಡೆ, ಮಾಡದಕೆರೆ ಮೇಲೆ ಹಾಯ್ದು ಹೋಗುವುದಿತ್ತು. ಕೆಂಚಿಯನ್ನು ಅವನಿಗೆ ಕೊಡುವುದೆಂದು ಅಣ್ಣನ ತೀರ್ಮಾನ.

"ಕುಂಟು ಕಾಲಣ್ಣ. ದಿನಕ್ಕೆ ಅಷ್ಟು ದೂರ ನಡೆಯುತ್ತಾ ಅದು?" ಎಂದೆ.

"ನಡೀದಿದ್ರೆ ಅಲ್ಲೇ ಯಾವ್ದಾರ ಹಟ್ಟಿ ಸೇರ್ಕಂತೈತೆ. ನಾಯಿ ಕಣೆ ಅದು."

ಅಪ್ಪ ಊಟ ಮಾಡುತ್ತಿದ್ದ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಮಂದೆಗೆ ಸಮವಾಗಿ ನಡೆಯಲಾಗದ ನಾಯಿ ಎಲ್ಲಿ ಉಳಿದುಹೋಗುತ್ತದೆ ಎಂಬುದು ನಮ್ಮೆಲ್ಲರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರಕ್ಕೆ ಆರು ದಿನ. ಅಷ್ಟರೊಳಗೆ ನಿಲ್ಲಿಸಬೇಕಿತ್ತು. ಮನೆಯಲ್ಲಿ ಹೆಚ್ಚು ಓದಿದವಳು ನಾನು. ಫೋನಿನಲ್ಲಿ ಏನೇನೋ ಓದಿದೆ. ಕೊನೆಗೆ ನನ್ನ ತಲೆಗೆ ಹೊಳೆದದ್ದು ಎಲ್ಲಕ್ಕಿಂತ ಸುಲಭದ್ದು, ನೀರು ಕಡಿಮೆ ಮಾಡುವುದು. ಕೆಂಚಿ ಈಚೆಗೆ ವಿಪರೀತ ಕುಡಿಯುತ್ತಿತ್ತು. ಬಟ್ಟಲು ತುಂಬಿಸಿ ತಿರುಗುವಷ್ಟರಲ್ಲಿ ತಳ ಕಾಣುತ್ತಿತ್ತು. ಮಂಗಳವಾರದಿಂದ ಬಟ್ಟಲು ತೆಗೆದಿಟ್ಟೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ.

ಅದು ನನ್ನ ಹಿಂದೆಯೇ ತಿರುಗತೊಡಗಿತು. ಬಚ್ಚಲಿನ ಕಲ್ಲು ನೆಕ್ಕಿತು. ತುಳಸಿ ಕಟ್ಟೆಯ ಬುಡದ ಕೆಸರು ನೆಕ್ಕಿತು. ಅತ್ತಿಗೆ ಸಾಮಾನಿನ ಚೀಟಿ ಬರೆಯುತ್ತ, ಕಲ್ಲುಪ್ಪು ಈ ತಿಂಗಳು ಇಷ್ಟು ಬೇಗ ಹೇಗೆ ಮುಗಿಯಿತು ಎಂದು ತನಗೆ ತಾನೇ ಅಂದುಕೊಂಡದ್ದು ನನ್ನ ಕಿವಿಗೆ ಬಿತ್ತು. ಬಿದ್ದಷ್ಟೇ, ಒಳಗೆ ಹೋಗಲಿಲ್ಲ. ಗುರುವಾರ ಮಧ್ಯಾಹ್ನ ಕೆಂಚಿ ಎದ್ದು ನಾಲ್ಕು ಹೆಜ್ಜೆ ಇಟ್ಟು, ಕುಡಿದವನ ಹಾಗೆ ಓಲಾಡಿ ಬಿತ್ತು.

ಆಟೊದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು ಡ್ರಿಪ್ ಹಾಕಿದರು, ರಕ್ತ ತೆಗೆದರು, ಉಚ್ಚೆ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಇಲ್ಲ, ಸೋಂಕಿಲ್ಲ ಎಂದರು. ನೀರು ನಿಲ್ಲಿಸಿದ್ದನ್ನು ನಾನೇ ಹೇಳಿದೆ. ಅವರು ಕೈಗವಸು ಕಳಚುತ್ತ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

"ಕುಡೀತೈತೆ, ಅದಕ್ಕೆ ಹೊಯ್ತೈತೆ. ಸರಿ. ಯಾಕೆ ಕುಡೀತೈತೆ ಅಂತ ನೋಡಬೇಕಲ್ವೇನಮ್ಮ? ಉಪ್ಪಿಂದು ಏನಾದ್ರೂ ತಿಂತೈತಾ, ಉಪ್ಪಿನಕಾಯಿ, ಖಾರ, ಮಿಕ್ಸ್ಚರು?"

ಬರೀ ಮುದ್ದೆ, ಹಾಲು ಎಂದೆ. ರಕ್ತದಲ್ಲಿ ಉಪ್ಪಿನಂಶ ಹೆಚ್ಚಿದೆ, ಇನ್ನೊಂದೆರಡು ದಿನ ನೀರು ಕೊಡದಿದ್ದರೆ ಜೀವ ಹೋಗುತ್ತಿತ್ತು, ಹೊಟ್ಟೆಗೆ ಎಲ್ಲಿಂದ ಹೋಗುತ್ತಿದೆಯೋ ಹುಡುಕಿ ಎಂದರು.

ಮನೆಯಲ್ಲಿ ಯಾರಿಗೂ ಬಾಯಿಬಿಡದೆ ಶುಕ್ರವಾರವೆಲ್ಲ ಹುಡುಕಿದೆ. ನೀರಿನ ಬಟ್ಟಲು ಮತ್ತೆ ಅದರ ಜಾಗಕ್ಕೆ ಬಂತು. ಕಸದ ಬುಟ್ಟಿ ಮೇಲಕ್ಕೆ ಹೋಯಿತು. ಪಕ್ಕದ ಮನೆಯವರು ಏನಾದರೂ ಹಾಕುತ್ತಾರೋ ಎಂದು ಕಿಟಕಿಯಲ್ಲಿ ನಿಂತು ಕಾದೆ. ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನನ್ನ ಕೈಯಿಂದಲೇ ಅದು ಸಾಯುತ್ತಿತ್ತು ಎಂಬುದು ಎಲ್ಲಿ ಕೂತರೂ ಪಕ್ಕದಲ್ಲಿ ಬಂದು ಕೂರುತ್ತಿತ್ತು.

ಶನಿವಾರ ಬೆಳಗಿನ ಜಾವ ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಅಪ್ಪ ಕೆಂಚಿಯನ್ನು ಕರೆದೊಯ್ಯುತ್ತಿದ್ದ. ದಿನವೂ ಕೇಳುವ ಸದ್ದು. ಅಂದು ಎದ್ದು ಹೋದೆ. ಹಿತ್ತಲಲ್ಲಿ ಯಾರೋ ಮಾತಾಡುತ್ತಿದ್ದರು.

ಅಪ್ಪ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಎಲೆಅಡಿಕೆ ಸಂಚಿ ತೊಡೆಯ ಮೇಲಿತ್ತು. ಬಲಗೈ ಮುಂದಕ್ಕೆ ಚಾಚಿ, ಅಂಗೈ ಬಿಡಿಸಿ ಹಿಡಿದಿದ್ದ. ಕೆಂಚಿ ಆ ಅಂಗೈ ನೆಕ್ಕುತ್ತಿತ್ತು. ಮೂರು ತಿಂಗಳಿಂದ ಮಾತಾಡದವನು ಮೆಲ್ಲಗೆ, ಎಡೆಬಿಡದೆ ಮಾತಾಡುತ್ತಿದ್ದ.

"ಬಾ ಗುಜ್ಜಿ, ಬಾ. ಏ ಬಿಳಿಚುಕ್ಕಿ, ನೂಕಬ್ಯಾಡ, ನಿಂಗೂ ಐತೆ. ಕರಿಗಿವಿ ಎಲ್ಲಿ..."

ಎಲ್ಲ ಮಾರಿದ ಕುರಿಗಳ ಹೆಸರು.

ಕುರಿಗೆ ಉಪ್ಪು ನೆಕ್ಕಿಸುವುದು ನನಗೆ ಗೊತ್ತು. ಮಂದೆಗೆಲ್ಲ ಚಪ್ಪಡಿ ಕಲ್ಲಿನ ಮೇಲೆ ಹರಡುತ್ತಾರೆ. ಆದರೆ ಹೊಸದಾಗಿ ಕೊಂಡದ್ದು, ತಾಯಿ ಸತ್ತ ಮರಿ, ಬೆದರಿದ ಕುರಿ ಇವಕ್ಕೆ ಅಂಗೈಯಲ್ಲೇ ಕೊಡಬೇಕು. ಉಪ್ಪಿಗೆ ಹುರುಳಿ ಹಿಟ್ಟು ಬೆರೆಸಿ. ಅಂಗೈ ನೆಕ್ಕಿದ ಕುರಿ ಆ ಮನುಷ್ಯನನ್ನು ಬಿಟ್ಟು ಹೋಗುವುದಿಲ್ಲ ಎಂದು ಅಪ್ಪನ ನಂಬಿಕೆ. ರೊಪ್ಪದಲ್ಲಿ ಹುಟ್ಟಿದ ಕೆಂಚಿ ಮರಿಯಾಗಿದ್ದಾಗಲೇ ಕುರಿಗಳ ನಡುವೆ ತೂರಿ ಆ ಹಿಟ್ಟಿನ ರುಚಿ ಕಂಡಿತ್ತು.

"ಅಪ್ಪ, ಏನದು?"

ಅವನು ಬೆಚ್ಚಲಿಲ್ಲ. "ಉಪ್ಪವ್ವ," ಎಂದ.

"ದಿನಾ ಕೊಡ್ತೀಯಾ?"

"ಎಲ್ಡೊತ್ತೂ. ಒಂದು ತಿಂಗ್ಳಾತು." ಎಡಗೈಯಲ್ಲಿ ಕೆಂಚಿಯ ತಲೆ ಸವರುತ್ತ ಅಂದ, "ಕೈ ಸುಮ್ಕಿರಲ್ಲ ಕಣವ್ವ. ನಲವತ್ತು ವರ್ಷ ಕುರಿ ನೆಕ್ಕಿದ ಕೈ. ಬೆಳಗಾಯ್ತು ಅಂದ್ರೆ ಒಂದು ನಾಲಿಗೆ ಬೇಕು ಅಂತೈತೆ."

ಡಾಕ್ಟರು ಹೇಳಿದ್ದನ್ನು ಹೇಳಿದೆ. ಎಷ್ಟು ಮೆಲ್ಲಗೆ ಹೇಳಲು ಸಾಧ್ಯವೋ ಅಷ್ಟು ಮೆಲ್ಲಗೆ. ನೀರು ನಿಲ್ಲಿಸಿದ ನನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ಉಪ್ಪಿನದು. ಅಪ್ಪ ತನ್ನ ಅಂಗೈಯನ್ನೇ ನೋಡಿಕೊಂಡ. ಕೆಂಚಿ ಇನ್ನೂ ನೆಕ್ಕುತ್ತಿತ್ತು. ಮೆಲ್ಲಗೆ ಮುಷ್ಟಿ ಕಟ್ಟಿದ. ಅದು ಬೆರಳ ಸಂದಿಯಲ್ಲಿ ಮೂಗು ತೂರಿಸಿತು.

"ನಾನಾ?" ಎಂದ. ಆಮೇಲೆ ಎದ್ದು ನಲ್ಲಿಯ ಕೆಳಗೆ ಕೈ ಹಿಡಿದು ತಿಕ್ಕತೊಡಗಿದ. ಹಿಟ್ಟು ಹೋದ ಮೇಲೂ ತಿಕ್ಕುತ್ತಲೇ ಇದ್ದ.

ಒಳಗೆ ಹೋಗುವ ಮುನ್ನ ಬಾಗಿಲಲ್ಲಿ ನಿಂತು, ದಯಾನಂದನಿಗೆ ಹೇಳಬೇಡ ಎಂದ. ನಾಳೆ ಬರುವ ಚಿತ್ತಯ್ಯನ ಕಿವಿಗಂತೂ ಬೀಳಬಾರದು. "ಕುರಿ ಕಾದೋನು ಉಪ್ಪು ತಿನ್ಸಿ ಒಂದು ಜೀವ ಕೆಡಿಸ್ದ ಅಂದ್ರೆ, ಹಟ್ಟೀಲಿ ನನ್ನ ಯಾರೂ ಕುರಿಯೋನು ಅನ್ನಲ್ಲವ್ವ."

ಅವನಿಗೆ ಉಳಿದಿದ್ದದ್ದು ಅದೊಂದೇ ಹೆಸರು. ಹೇಳದಿದ್ದರೆ ಕೆಂಚಿ ನಾಳೆ ಹೋಗುತ್ತದೆ. ಹೇಳಿದರೆ ಆ ಹೆಸರು ಹೋಗುತ್ತದೆ. ಶನಿವಾರ ಪೂರ್ತಿ ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದೆ. ಅಣ್ಣನ ಮುಂದೆ ಎರಡು ಸಲ ಹೋಗಿ ನಿಂತೆ, ಎರಡು ಸಲವೂ ಬೇರೇನೋ ಕೇಳಿ ವಾಪಸು ಬಂದೆ. ಸುಮ್ಮನಿರುವುದು ಅಷ್ಟು ಸದ್ದು ಮಾಡುತ್ತದೆಂದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಚಿತ್ತಯ್ಯ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹೊಸ ಹಗ್ಗ. ಅತ್ತಿಗೆ ಚಹಾ ಕೊಟ್ಟಳು. ಅವನು ಬಂದ ಕೂಡಲೇ ಕೆಂಚಿ ಹತ್ತಿರ ಹೋಗಿ ಅವನ ಕಾಲು ಮೂಸಿತು. ಕುರಿ ವಾಸನೆಗೆ ಬಾಲ ಅಲ್ಲಾಡಿಸಿತು. ನೋಡು, ಅದಕ್ಕೇ ಹೋಗಬೇಕೆಂದಿದೆ ಎಂದ ಅಣ್ಣ. ಚಿತ್ತಯ್ಯ ಹಗ್ಗ ಅದರ ಕೊರಳಿಗೆ ಹಾಕಿದ. ನಾನು ಬಾಯಿ ತೆರೆದೆ.

"ಚಿತ್ತಯ್ಯ, ಹಗ್ಗ ಬಿಚ್ಚು," ಎಂದದ್ದು ಅಪ್ಪ.

ಎಲ್ಲರೂ ಜಗಲಿಯ ಕಡೆ ತಿರುಗಿದೆವು. ಅಪ್ಪ ಗೋಡೆ ಹಿಡಿದು ಎದ್ದು ನಿಂತಿದ್ದ.

"ನಾಯೀದೇನೂ ಇಲ್ಲ. ನಾನು ದಿನಾ ಉಪ್ಪು ನೆಕ್ಕಿಸ್ದೆ. ಅದು ನೀರು ಕುಡೀತು. ತಪ್ಪು ನಂದು."

ಅಣ್ಣನಿಗೆ ಅರ್ಥವಾಗಲಿಲ್ಲ. ಚಿತ್ತಯ್ಯನಿಗೆ ಆಯಿತು. ಅವನು ಹೋಗಿ ಅಪ್ಪನ ಬಲಗೈ ಹಿಡಿದು, ಅಂಗೈ ತಿರುಗಿಸಿ ನೋಡಿದ. ತಿಕ್ಕಿ ತಿಕ್ಕಿ ಕೆಂಪಾಗಿತ್ತು. ಹಟ್ಟಿಗೆ ಹೋಗಿ ಇವನು ಏನು ಹೇಳುತ್ತಾನೋ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಅಲ್ಲಣ್ಣ, ಪ್ಯಾಟೆಗೆ ಬಂದು ಇದನ್ನೇ ಕುರಿ ಮಾಡಕ್ಕೆ ಹೊಂಟಿದ್ಯಾ?" ಎಂದ ಕೊನೆಗೆ. "ಉಣ್ಣೆ ಎಷ್ಟು ಸಿಕ್ತು?"

ಅಪ್ಪನ ಬಾಯಿಂದ ಕೆಮ್ಮಿನ ಹಾಗೊಂದು ಸದ್ದು ಬಂತು. ನಗೆಯೋ ಅಲ್ಲವೋ ಹೇಳಲಾರೆ. ಚಿತ್ತಯ್ಯ ಬಗ್ಗಿ ಹಗ್ಗ ಬಿಚ್ಚಿ ಸುತ್ತಿಕೊಂಡ. ಅಣ್ಣ ತಲೆ ತಗ್ಗಿಸಿ, "ಹೇಳ್ಬಾರ್ದಿತ್ತೇನಪ್ಪ," ಅಂದ. ಯಾರೂ ಕೇಳಿರಲಿಲ್ಲ ಎಂದು ಅಪ್ಪ ಅನ್ನಬಹುದಿತ್ತು. ಅನ್ನಲಿಲ್ಲ.

ಚಿತ್ತಯ್ಯ ಹೋಗುವಾಗ, ಮಂದೆ ಇನ್ನೂ ನಾಲ್ಕು ದಿನ ಇಲ್ಲೇ ಇರುತ್ತದೆ, ಉಪ್ಪು ನೆಕ್ಕಿಸಲು ಅಪ್ಪನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಬಾ ಎಂದು ನನಗೆ ಹೇಳಿದ. ಎರಡು ಬೆಳಿಗ್ಗೆ ಕರೆದೊಯ್ದೆ. ಮೂರನೆಯ ದಿನ ಅಪ್ಪನೇ ಬೇಡವೆಂದ. ಬೇರೆಯವರ ಕುರಿ, ರುಚಿ ಹತ್ತಿಸಬಾರದು ಎಂದ.

ಈಗ ಹತ್ತು ದಿನವಾಯಿತು. ಡಾಕ್ಟರು ಹೇಳಿದ ಹಾಗೆ ನೀರು ಕುಡಿಯುವುದು ನಿಧಾನವಾಗಿ ಇಳಿಯಿತು. ನಾಲ್ಕನೆಯ ದಿನ ಒಂದು ಸಲ ಹೊಸ್ತಿಲ ಬಳಿ ಆಯಿತು. ಅತ್ತಿಗೆ ಮಾತಿಲ್ಲದೆ ಒರೆಸಿದಳು. ಆಮೇಲೆ ಇಲ್ಲ. ಆದರೂ ಬೆಳಿಗ್ಗೆ ಎದ್ದಾಗ ನನ್ನ ಪಾದ ಮೊದಲು ನೆಲವನ್ನು ಮುಟ್ಟಿ ನೋಡುತ್ತದೆ.

ಇಂದು ಬೆಳಿಗ್ಗೆ ಹಿತ್ತಲಿಗೆ ಹೋದೆ. ಅಪ್ಪ ಅದೇ ಕಲ್ಲಿನ ಮೇಲೆ ಕೂತು ಕೈ ಚಾಚಿದ್ದ. ಸಂಚಿ ಇರಲಿಲ್ಲ. ಕೆಂಚಿ ಬಂದು ಬರಿಯ ಅಂಗೈಯನ್ನು ಮೂಸಿತು, ಒಂದು ಸಲ ನೆಕ್ಕಿತು, ತಲೆಯೆತ್ತಿ ಅವನ ಮುಖ ನೋಡಿತು. ಮತ್ತೆ ನೆಕ್ಕಿತು. ನಾನು ಹೋಗಿ ಕಲ್ಲಿನ ಇನ್ನೊಂದು ಬದಿಗೆ ಕೂತೆ.

"ಗುಜ್ಜಿ ಅಂದ್ರೆ ಯಾವ್ದಪ್ಪ?" ಎಂದು ಕೇಳಿದೆ.