ಕವಲು ತೆಂಗಿನ ಮನೆ

ದಾನೇಶ್ವರಿ ಬಂದರೆ ಹಿತ್ತಿಲ ಬಾಗಿಲಿಂದಲೇ ಬರುತ್ತಿದ್ದಳು. ಮಟ್ಟೆ ರಾಶಿಯ ಪಕ್ಕ ಚಪ್ಪಲಿ ಬಿಟ್ಟು, ನೇರ ಅಡುಗೆಮನೆಗೆ ನುಗ್ಗಿ, ಜೀವಿತಾಳ ಪಕ್ಕ ನೆಲಕ್ಕೇ ಕೂರುತ್ತಿದ್ದಳು. ತಿಪಟೂರಿನ ಒಂದು ಸಂಸ್ಥೆ ಹೊಸ ಬಾಣಂತಿಯರ ಮನೆಗೆ ಹೋಗಿ ವಿಚಾರಿಸಿಕೊಂಡು ಬರಲು ಸುತ್ತಮುತ್ತಲ ಹೆಂಗಸರನ್ನೇ ನೇಮಿಸಿತ್ತು. ದಾನೇಶ್ವರಿ ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ಒಂದಿಷ್ಟು ತರಬೇತಿ ಪಡೆದ ನೊಣವಿನಕೆರೆಯ ಸೊಸೆ. ನಮ್ಮವರೇ ಹೋದರೆ ಹೆಣ್ಣುಮಕ್ಕಳು ಬಾಯಿ ಬಿಡುತ್ತಾರೆ ಎಂಬುದು ಸಂಸ್ಥೆಯವರ ಲೆಕ್ಕ. ಲೆಕ್ಕವೇನೋ ಸರಿಯೇ. ಬಾಯಿ ಬಿಟ್ಟ ಮಾತು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರು ಯೋಚಿಸಿದ್ದರೋ, ಶಿವನೇ ಬಲ್ಲ.

ಜೀವಿತಾ ತಾಯಿಯಿಲ್ಲದ ಹುಡುಗಿ, ಬಾಣಂತನವೂ ಗಂಡನ ಮನೆಯಲ್ಲೇ. ಅತ್ತೆ ಕಲ್ಲಮ್ಮ ಕೊಬ್ಬರಿ ಬೆಲ್ಲಕ್ಕಾಗಲಿ ಬಿಸಿನೀರಿಗಾಗಲಿ ಕೊರತೆ ಮಾಡಿದವಳಲ್ಲ. ಆದರೆ ಕೆಲವು ಮಾತು ಅತ್ತೆಯ ಮುಂದೆ ಆಡುವಂಥದ್ದಲ್ಲ. ಒಂದು ಮಧ್ಯಾಹ್ನ, ಕಲ್ಲಮ್ಮ ತೋಟಕ್ಕೆ ಹೋಗಿದ್ದಾಗ, ಜೀವಿತಾ ಹೇಳಿಬಿಟ್ಟಳು.

"ಅಕ್ಕ, ಒಂದೊಂದ್ಸಲ ಇವನು ಅಳ್ತಿದ್ರೂ ಎತ್ಕೊಳ್ಳಕ್ಕೆ ಮನಸೇ ಬರಲ್ಲ. ಸುಮ್ನೆ ನೋಡ್ತಾ ಕೂತಿರ್ತೀನಿ. ನಾನ್ಯಾಕೆ ಹಿಂಗಾದೆ?"

ದಾನೇಶ್ವರಿ ಅವಳ ತಲೆ ಸವರಿದಳು. "ಎಷ್ಟೋ ಜನಕ್ಕೆ ಹಿಂಗಾಗುತ್ತೆ ಕಣೇ, ವಾಸಿ ಆಗುತ್ತೆ. ಈ ಮಾತು ನನ್ನ ಹೊಟ್ಟೇಲೇ ಇರುತ್ತೆ ಬುಡು."

ಹೇಳಿಕೊಂಡ ಮೇಲೆ ಎದೆ ಹಗುರಾಯಿತು. ಆ ಸಂಜೆ ಜೀವಿತಾ ಯಾರೂ ಹೇಳದೆಯೇ ಕೂಸನ್ನು ಎತ್ತಿಕೊಂಡಳು. ಬರಬರುತ್ತಾ ಅದು ಅವಳ ಮುಖ ಕಂಡರೆ ನಗತೊಡಗಿತು, ಅವಳಿಗೂ ನಗು ಬಂತು.

ಅಷ್ಟರಲ್ಲಿ ಕೆಂಕೆರೆಯಿಂದ ಕಲ್ಲಮ್ಮನ ತಂಗಿ ಭೈರಮ್ಮನ ಫೋನು ಬಂತು. ಆಕೆಯೂ ಅದೇ ಸಂಸ್ಥೆಯ ಪರವಾಗಿ ಮನೆಮನೆ ತಿರುಗುವವಳು. ಫೋನಿಟ್ಟ ಕಲ್ಲಮ್ಮ ತೊಟ್ಟಿಲನ್ನು ದರದರನೆ ತನ್ನ ಕೋಣೆಗೆ ಎಳೆದುಕೊಂಡಳು.

"ಕೂಸು ಅಳ್ತಿದ್ರೆ ನೋಡ್ತಾ ಕೂರೋ ತಾಯಿ ಕೈಗೆ ನಾನು ಮಗೀನ ಬುಡಲ್ಲ. ಹಾಲು ಕುಡ್ಸೋ ಹೊತ್ಗೆ ಕರೀತೀನಿ, ನನ್ನೆದುರ್ಗೇ ಕುಡ್ಸು."

ಅದು ಜೀವಿತಾಳದೇ ಮಾತು. ಒಬ್ಬಳಿಗಲ್ಲದೆ ಇನ್ನೊಬ್ಬರಿಗೆ ಹೇಳಿರದ ಮಾತು. ಗಂಡ ಪರಮೇಶ್, "ಅವ್ವ ಹೇಳೋದ್ರಲ್ಲೂ ತಪ್ಪೇನಿಲ್ಲ ಬುಡು" ಎಂದು ಕೊಬ್ಬರಿ ಮಂಡಿಗೆ ಹೊರಟ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ವಾರ ಕಳೆದು ದಾನೇಶ್ವರಿ ಎಂದಿನಂತೆ ಹಿತ್ತಿಲಿಗೆ ಬಂದಳು. ಜೀವಿತಾಳ ಮುಖ ನೋಡುತ್ತಲೇ ಅವಳಿಗೆ ಅರ್ಥವಾಯಿತು.

"ನಿನ್ನ ಹೆಸ್ರು ಎತ್ಲಿಲ್ಲ ಕಣೇ, ದೇವ್ರಾಣೆ! ಇಂಥೋರಿಗೆ ಹೆಂಗೆ ಸಹಾಯ ಮಾಡೋದು ಅಂತ ನಮ್ಮ ಸಂಸ್ಥೆ ಮೀಟಿಂಗಲ್ಲಿ ಕೇಳ್ದೆ ಅಷ್ಟೇ. ಕವಲು ತೆಂಗಿನ ಮನೆ ಹುಡುಗಿ ಅಂತಂದೆ…"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಆಹಾ, ಏನು ಗುಟ್ಟು ಕಾಪಾಡಿದಳು ಮಹಾತಾಯಿ! ಈ ಸೀಮೆಯಲ್ಲಿ ಮನೆಗೆ ಮರದ ಹೆಸರು, ಮನುಷ್ಯರಿಗೆ ಮನೆಯ ಹೆಸರು. ತೆಂಗು ಕವಲೊಡೆಯುವುದೇ ಅಪರೂಪ; ಜೀವಿತಾಳ ಅಂಗಳದ ಮರವನ್ನು ಬಸ್ಸಿನ ಕಿಟಕಿಯಿಂದ ಬಗ್ಗಿ ನೋಡದವರೇ ಇಲ್ಲ. ಹೆಸರು ಮುಚ್ಚಿಟ್ಟು ಮನೆಯನ್ನೇ ಬೆರಳಿಟ್ಟು ತೋರಿಸಿದ್ದಳು.

"ಮುಂದಿನ ಬಾಗಿಲಿಂದ ಬನ್ನಿ ಮೇಡಂ" ಎಂದಳು ಜೀವಿತಾ.

ದಾನೇಶ್ವರಿ ಚಪ್ಪಲಿ ಮೆಟ್ಟಿಕೊಂಡು ಮನೆ ಬಳಸಿ ಬಂದಳು. ಪಡಸಾಲೆಯಲ್ಲಿ ಅವಳಿಗಾಗಿ ಕುರ್ಚಿ ಹಾಕಿತ್ತು.

"ಕೂಸು ಹೆಂಗೈತೆ?"

"ಚೆನ್ನಾಗಿದೆ ಮೇಡಂ."

"ನೀನು?"

"ಚೆನ್ನಾಗಿದೀನಿ ಮೇಡಂ."

"ಅಕ್ಕ ಅನ್ನೇ" ಎಂದಳು ದಾನೇಶ್ವರಿ, ಕಣ್ಣು ತುಂಬಿಕೊಂಡು.

ಒಳಗೆ ಕೂಸು ಅಳತೊಡಗಿತು. ಜೀವಿತಾಳ ರವಿಕೆ ಹಾಲಿಗೆ ಒದ್ದೆಯಾಯಿತು. ಈಗ ಎತ್ತಿಕೊಳ್ಳಲು ಜೀವ ಹಪಹಪಿಸುತ್ತಿತ್ತು. ಆದರೆ ಅತ್ತೆ ಇನ್ನೂ ಕರೆದಿರಲಿಲ್ಲ. ಮುಚ್ಚಿದ ಬಾಗಿಲನ್ನು ನೋಡುತ್ತಾ ಅವಳು ಸುಮ್ಮನೆ ಕೂತಳು.