ನನ್ನೊಳಗೆ ಕೂತ ಎರಡು ಇಂಜಿನ್‌ಗಳು

ನಾನು ಪಿಕಪ್ ಗಾಡಿ. ಹುಟ್ಟುವಾಗ ನನ್ನ ಮೈ ಒಂದು ಸಾಲಿನಲ್ಲಿ ಬರುತ್ತಿತ್ತು, ಇಂಜಿನ್ ಇನ್ನೊಂದು ಸಾಲಿನಲ್ಲಿ. ಕಾರ್ಖಾನೆಯ ನಟ್ಟನಡುವೆ ಎರಡೂ ಎದುರಾದವು. ಸರಪಳಿಯಲ್ಲಿ ತೂಗುತ್ತ ಇಳಿದ ಆ ಕಬ್ಬಿಣದ ಗಂಟನ್ನು ನನ್ನೊಳಗೆ ಕೂರಿಸಿ ಬೋಲ್ಟು ಬಿಗಿದರು. ಯಾರೋ ಕೀಲಿ ತಿರುಗಿಸಿದರು. ಮೈಯೆಲ್ಲ ಒಮ್ಮೆಲೇ ಗಡಗಡ ನಡುಗಿತು. ನಾನು ಬೆಚ್ಚಿಬಿದ್ದೆ. ಇದು ರೋಗವಲ್ಲ, ಜೀವ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ನನ್ನ ಪಾಲಿಗೆ ಬಂದದ್ದು ಸಣ್ಣ ಇಂಜಿನ್. ಹಿಂದೆಯೇ ಬಂದ ಗಾಡಿಗೆ ದೊಡ್ಡದು ಸಿಕ್ಕಿತು. ಹೊಸಪೇಟೆಯ ಶೋರೂಮಿನಲ್ಲಿ ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರು. ಹೊರಗಿನಿಂದ ನೋಡಿದರೆ ಅವಳಿಜವಳಿ. ನನ್ನ ಗಾಜಿಗೆ ಮಾತ್ರ ಮೈಲೇಜು ಹೊಗಳುವ ದೊಡ್ಡ ಚೀಟಿ ಅಂಟಿಸಿದ್ದರು.

ಒಂದು ಮಧ್ಯಾಹ್ನ ಗಂಗಾವತಿ ಕಡೆಯ ಗಂಡ ಹೆಂಡತಿ ಬಂದರು. ಗಂಡ ಯಮನೂರಪ್ಪ, ಹೆಂಡತಿ ಹುಲಿಗೆವ್ವ. ಮನೆಗಳಿಗೆ ಸ್ಲ್ಯಾಬ್ ಹಾಕುವ ಗ್ಯಾಂಗು ಅವರದು. ಸಿಮೆಂಟು, ಮರಳು, ಜಲ್ಲಿ ಕಲಸುವ ಮಿಕ್ಸರ್ ಅವರ ಬಳಿ ಇತ್ತು. ಎರಡು ಚಕ್ರದ ಮೇಲೆ ನಿಂತ, ದೊಡ್ಡ ಹಂಡೆಯಂಥ ಯಂತ್ರ. ಅದನ್ನು ಊರಿಂದೂರಿಗೆ ಎಳೆದೊಯ್ಯಲು ಅಲ್ಲಿಯವರೆಗೆ ಬಾಡಿಗೆ ಟ್ರ್ಯಾಕ್ಟರಿಗೆ ಕಾಯುತ್ತಿದ್ದರು. ಈಗ ಸ್ವಂತದ ಗಾಡಿ ಬೇಕಿತ್ತು.

ಯಮನೂರಪ್ಪ ಬಂದವನೇ ಮೈಲೇಜು ಕೇಳಿದ. ಸೇಲ್ಸಿನ ಹುಡುಗ ನನ್ನ ಗಾಜಿನ ಚೀಟಿಯ ಮೇಲೆ ಬೆರಳಿಟ್ಟ.

"ಖಾಲಿ ಗಾಡಿ ಎಷ್ಟು ಕೊಡತೈತಿ ಅನ್ನೋದು ಬ್ಯಾಡ ತಮ್ಮಾ," ಅಂದಳು ಹುಲಿಗೆವ್ವ. "ಮಿಕ್ಸರ್ ಕಟ್ಟಿದ ಮ್ಯಾಲ ಏರು ಹತ್ತತೈತೇನು, ಅದನ್ನ ಹೇಳು."

"ಹತ್ತತೈತ್ರಿ ಅಕ್ಕಾರ. ಏನ್ ಬೇಕಾದ್ರೂ ಎಳಿತೈತಿ."

ಹುಲಿಗೆವ್ವ ಪಕ್ಕದ ಗಾಡಿಯ ಕಡೆ ನೋಡಿದಳು. ಯಮನೂರಪ್ಪ ನಕ್ಕುಬಿಟ್ಟ. "ದೊಡ್ಡ ಇಂಜಿನ್ ಅಂದ್ರ ಕುಡುಕನ್ನ ಮನ್ಯಾಗ ಇಟ್ಕೊಂಡಂಗ. ನಾವು ದುಡದಿದ್ದೆಲ್ಲ ಅದು ಕುಡಿತೈತಿ."

"ಗಾಡಿ ಹೊಡೆಯೋರು ನೀವು. ನಿಮ್ಮ ಮರ್ಜಿ," ಅಂದಳು ಆಕೆ. ಹಾಗೆ ನಾನು ಅವರ ಮನೆಗೆ ಹೋದೆ.

ಮರುದಿನವೇ ನನ್ನ ಬೆನ್ನಿಗೆ ಕೊಕ್ಕೆ ಬೆಸೆದು ಮಿಕ್ಸರ್ ಸಿಕ್ಕಿಸಿದರು. ಹಿಂದಿನಿಂದ ಯಾರೋ ಸೊಂಟ ಹಿಡಿದು ಜಗ್ಗಿದಂತಾಯಿತು. ಮೇಲೆ ಸಿಮೆಂಟು ಚೀಲ, ಸಲಿಕೆ, ಬುಟ್ಟಿ, ಅವುಗಳ ಮೇಲೆ ಗ್ಯಾಂಗಿನ ಹೆಂಗಸರು. ಇಷ್ಟೆಲ್ಲ ನನಗೇ ಎಂದು ತಿಳಿದಾಗ ದಂಗಾದೆ. ಆದರೂ ಗಂಗಾವತಿಯ ಸುತ್ತ ಗದ್ದೆ ಬಯಲು, ರಸ್ತೆ ಚಪ್ಪಟೆ. ಒಮ್ಮೆ ಉರುಳಲು ಶುರುವಾದರೆ ಉರುಳುತ್ತ ಹೋಗುತ್ತಿದ್ದೆ. ಸಣ್ಣ ಸೇತುವೆಯ ಏರು ಬಂದರೆ ಮಾತ್ರ ಇಂಜಿನ್ ಕಿರುಚುತ್ತಿತ್ತು. ಯಮನೂರಪ್ಪ ಗೇರು ಇಳಿಸುತ್ತಿದ್ದ, ಕಿರುಚಾಟ ಇನ್ನೂ ಜೋರಾಗುತ್ತಿತ್ತು. ಹಿಂದೆ ಕೂತ ಕಾಶಿಂಬಿ ಎಂಬ ಹೆಂಗಸು ನನ್ನ ಪಕ್ಕೆ ತಟ್ಟಿ, "ಇನ್ನೊಂಚೂರು, ನನ್ನಪ್ಪಾ, ಇನ್ನೊಂಚೂರು," ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

ಆಮೇಲೆ ಕರಡಿಗುಡ್ಡದ ಕೆಲಸ ಬಂತು. ಗುಡ್ಡದ ಮೇಲೆ ಶಾಲೆಗೆ ಹೊಸ ಕೋಣೆ ಕಟ್ಟುತ್ತಿದ್ದರು. ಗೋಡೆ ಎದ್ದಿತ್ತು, ಸ್ಲ್ಯಾಬ್ ಹಾಕಬೇಕಿತ್ತು. ರಸ್ತೆ ಒಂದೇ ಸಮನೆ ಮೇಲೇರುತ್ತದೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಇಳಿಜಾರು, ಕೆಳಗೆ ತಿರುವಿನಲ್ಲಿ ಜನ ಕೂತ ಚಹಾದಂಗಡಿ.

ಅರ್ಧ ಏರಿನಲ್ಲಿ ನನ್ನ ನೀರು ಕುದಿಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಯಮನೂರಪ್ಪ ಆಕ್ಸಿಲರೇಟರನ್ನು ಕಾಲೂರಿ ಒತ್ತಿದ. ಒಳಗೆ ಏನೋ ಟಣ್ ಎಂದಿತು, ಇಂಜಿನ್ ನಿಂತೇಹೋಯಿತು. ಅದು ನಿಂತೊಡನೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು, ಬ್ರೇಕ್ ಹಿಡಿಯಲಿಲ್ಲ. ನಾನು ನಿಂತೆ ಅಂದುಕೊಂಡೆ. ಇಲ್ಲ, ಹಿಂದಕ್ಕೆ ಹೋಗುತ್ತಿದ್ದೆ! ನಾನು ಎಳೆಯಬೇಕಾದ ಮಿಕ್ಸರ್ ನನ್ನನ್ನೇ ಎಳೆದೊಯ್ಯುತ್ತಿತ್ತು.

"ಜಿಗೀರಿ! ಎಲ್ಲಾರೂ ಜಿಗೀರಿ!" ಹುಲಿಗೆವ್ವ ಕೂಗಿದಳು. ಹೆಂಗಸರು ಬಂಡೆಯ ಬದಿಗೆ ಧೊಪ್ಪಧೊಪ್ಪ ಹಾರಿದರು. ಕಾಶಿಂಬಿ ಚಕ್ರದ ಹಿಂದೆ ಕಲ್ಲಿಟ್ಟಳು, ಅದು ಪುಡಿಯಾಯಿತು. "ನೀವೂ ಜಿಗೀರಿ!" ಎಂದು ಹುಲಿಗೆವ್ವ ಗಂಡನಿಗೆ ಕಿರುಚಿದಳು. ಆಕೆ ಹಾರಿದ ಬಾಗಿಲು ತೆರೆದೇ ಇತ್ತು. ಅವನು ಕನ್ನಡಿಯಲ್ಲಿ ಕೆಳಗಿನ ಚಹಾದಂಗಡಿ ನೋಡಿದ. ಜಿಗಿಯಲಿಲ್ಲ. ಎರಡೂ ಕೈಯಿಂದ ಸ್ಟೇರಿಂಗ್ ತಿರುಗಿಸಿ ನನ್ನನ್ನು ಬಂಡೆಗೆ ಹೊಡೆಸಿದ.

ಮಿಕ್ಸರ್ ಮಗುಚಿ ಅದರ ಚಕ್ರವೊಂದು ಸುಮ್ಮನೆ ತಿರುಗುತ್ತಿತ್ತು. ಯಾರೂ ಅಳಲಿಲ್ಲ. ಹೆಂಗಸರೆಲ್ಲ ಸೇರಿ ನನ್ನ ಬಾಗಿಲನ್ನು ಬರಿಗೈಯಿಂದ ಬಗ್ಗಿಸಿ ಯಮನೂರಪ್ಪನನ್ನು ಹೊರಗೆಳೆದರು. ಅವನ ಬಲಗಾಲು ನನ್ನ ತಗಡಿನ ಮಡಿಕೆಯಲ್ಲಿ ಜಜ್ಜಿಹೋಗಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಅದನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ನನ್ನನ್ನು ಗಂಗಾವತಿಯ ಮೌಲಾಸಾಬ್ ಮಿಸ್ತ್ರಿಯ ಗ್ಯಾರೇಜಿಗೆ ಎಳೆದು ತಂದು ಹಾಕಿದರು. ಎಷ್ಟೋ ದಿನ ಯಾರೂ ಬರಲಿಲ್ಲ. ಒಂದು ಬೆಳಿಗ್ಗೆ ಹುಲಿಗೆವ್ವ ಬಂದಳು. ಕೈಯಲ್ಲಿ ಹಾರೆ. ನೆಟ್ಟಗೆ ನನ್ನ ಮುಖದ ಮುಂದೆ ನಿಂತಳು. ಒಡೆದುಹಾಕುತ್ತಾಳೆ ಎಂದುಕೊಂಡೆ. ಒಡೆದರೆ ಒಡೆಯಲಿ ಎಂದೂ ಅನ್ನಿಸಿತು. ಆಕೆ ಹಾರೆಯ ತುದಿಯನ್ನು ಸೊಟ್ಟಗಾದ ಬಾನೆಟ್ಟಿನ ಸಂದಿಗೆ ತೂರಿಸಿ, ಮೀಟಿ, ಮೇಲಕ್ಕೆತ್ತಿದಳು. ಒಳಗಿನ ಸೀಳಿದ ಇಂಜಿನನ್ನು ಬಹಳ ಹೊತ್ತು ನೋಡಿದಳು.

"ಮಿಸ್ತ್ರಿ, ಇದರಾಗ ದೊಡ್ಡದು ಕುಂಡ್ರತೈತೇನು?"

ಮೌಲಾಸಾಬ್ ತಲೆ ಕೆರೆದುಕೊಂಡ. "ಕುಂಡ್ರತೈತ್ರಿ ಅಕ್ಕಾ. ಖರೇ ಅಂದ್ರ ಬರೇ ಇಂಜಿನ್ ಹಾಕಿದ್ರ ಆಗಂಗಿಲ್ಲ. ಕ್ಲಚ್, ಬ್ರೇಕ್, ರೇಡಿಯೇಟರ್, ಭಾರ ಹೊರೋ ಹಿಂದಿನ ಪಾಟಾ, ಎಲ್ಲಾ ಅದಕ್ಕ ತಕ್ಕಂಗ ಬೇಕು. ಆರ್‌ಟಿಓದಾಗ ಕಾಗದಾನೂ ಬದಲಿ ಮಾಡಸಬೇಕು."

ಕೆಲವು ದಿನಗಳ ಮೇಲೆ ಆತ ಹುಬ್ಬಳ್ಳಿಯಿಂದ ಎರಡು ಇಂಜಿನ್ ತರಿಸಿ ನನ್ನ ಮುಂದೆ ಇಟ್ಟ. ಒಂದು ಬಾಡಿಗೆ ಕಾರಿನದು. ನಯವಾಗಿ, ಹಗುರವಾಗಿ ಓಡುತ್ತಿತ್ತು, ಮೈಲೇಜಿಗೆ ಹೆಸರಾದದ್ದು. ಇನ್ನೊಂದು ನೀರಿನ ಟ್ಯಾಂಕು ಎಳೆಯುತ್ತಿದ್ದ ಗಾಡಿಯದು. ಮೈತುಂಬ ಜಿಡ್ಡು, ಎಮ್ಮೆ ಮೆಲುಕು ಹಾಕಿದಂಥ ದನಿ. ಯಮನೂರಪ್ಪನೂ ಬಂದಿದ್ದ. ಕಂಕುಳಲ್ಲಿ ಊರುಗೋಲು. ನನ್ನ ಕಡೆ ಮುಖ ಮಾಡದೆ ಕೂತ.

"ಈ ಕಾರಿನದು ಓಡಾಕ ಚಲೋ. ಆ ಮುದುಕ ಎಳಿಯಾಕ ಚಲೋ," ಅಂದ ಮೌಲಾಸಾಬ್. "ಸಾವಕಾಶ ತಿರುಗಿದಾಗಲೇ ಅದರ ಜೋರು. ಕಿರುಚೂದಿಲ್ಲ."

"ಕುಡಿಯೂದು ಹೆಂಗ?" ಯಮನೂರಪ್ಪ ಕೇಳಿದ. ಅಷ್ಟೆಲ್ಲ ಆದ ಮೇಲೂ ಅವನ ಬಾಯಿಂದ ಬಂದದ್ದು ಅದೇ ಮಾತು! ನಾನು ಬೆರಗಾದೆ. ಕೇಳಿದ ಮೇಲೆ ಅವನೂ ತನ್ನ ಮಾತಿಗೆ ತಾನೇ ಬೆಚ್ಚಿದವನಂತೆ ತುಟಿ ಕಚ್ಚಿಕೊಂಡ.

ಹುಲಿಗೆವ್ವ ಬೈಯಲಿಲ್ಲ. "ಹೋದ ಸಲ ಹೊಟ್ಟಿ ನೋಡಿ ಆರಿಸಿದ್ವಿ. ಈ ಸಲ ರಟ್ಟಿ ನೋಡೂಣು," ಅಂದಳು.

"ಆರಿಸಿ ಏನ್ ಮಾಡ್ತಿ? ಹೊಡೆಯೋರ‍್ಯಾರು?"

"ನಾನು."

ಅವನು ಆಕೆಯ ಮುಖ ನೋಡಿದ. ಮೌಲಾಸಾಬನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು.

ನನ್ನ ಹಳೆಯ ಇಂಜಿನನ್ನು ಸರಪಳಿ ಹಾಕಿ ಎತ್ತಿದ ದಿನ ನನ್ನೊಳಗೆ ಗಾಳಿ ಸುಳಿದಾಡಿತು. ಎದೆಯಿದ್ದ ಜಾಗದಿಂದ ನೆಲ ಕಾಣುತ್ತಿತ್ತು. ಆಮೇಲೆ ಆ ಮುದುಕ ಇಳಿದ. ಕೀಲಿ ತಿರುಗಿಸಿದಾಗ ಬಂದ ನಡುಕ ನನ್ನದಾಗಿರಲಿಲ್ಲ. ನಿಧಾನದ, ಆಳದ ನಡುಕ. ನನ್ನ ಮೈಯಲ್ಲಿ ಇನ್ನೊಬ್ಬರು ಉಸಿರಾಡುತ್ತಿದ್ದರು. ಒಗ್ಗಿಕೊಳ್ಳಲು ಬಹಳ ಕಾಲ ಹಿಡಿಯಿತು.

ಹುಲಿಗೆವ್ವ ಎಪಿಎಂಸಿ ಮೈದಾನದಲ್ಲಿ ಹೊಡೆಯಲು ಕಲಿತಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹಲ್ಲು ಕಚ್ಚಿ, ಮೂಟೆ ಹೊರುವವರು ಕೆಲಸ ಬಿಟ್ಟು ನೋಡುತ್ತ ನಿಂತರೂ ಲೆಕ್ಕಿಸದೆ. ಮೊದಮೊದಲು ನನ್ನನ್ನು ಗಕ್ಕನೆ ನಿಲ್ಲಿಸಿಬಿಡುತ್ತಿದ್ದಳು. ಕೊನೆಗೆ ಲೈಸೆನ್ಸು ಬಂತು.

ಕರಡಿಗುಡ್ಡದ ಶಾಲೆಯ ಕೋಣೆ ಇನ್ನೂ ಸ್ಲ್ಯಾಬಿಲ್ಲದೆ ಬಯಲಾಗಿಯೇ ಇತ್ತು. ಒಪ್ಪಿಕೊಂಡ ಕೆಲಸ ಬಿಡುವುದಿಲ್ಲ ಎಂದು ಹುಲಿಗೆವ್ವ ಹಟ ಹಿಡಿದಳು. ರಿಪೇರಿಯಾದ ಮಿಕ್ಸರ್ ಸಮೇತ ಏರಿನ ಬುಡದಲ್ಲಿ ನನ್ನನ್ನು ನಿಲ್ಲಿಸಿ, "ಎಲ್ಲಾರೂ ಇಳೀರಿ. ಸಾಮಾನೂ ಅರ್ಧ ಇಳಿಸ್ರಿ. ನಡಕೊಂತ ಬರ್ರಿ," ಅಂದಳು. ಹೆಂಗಸರು ಇಳಿದರು. ಯಮನೂರಪ್ಪ ಇಳಿಯಲಿಲ್ಲ.

"ನೀವೂ ಇಳೀರಿ."

"ಇಳಿಯಂಗಿಲ್ಲ."

"ಯಾಕ?"

"ಅವತ್ತು ನಾ ಒಬ್ಬನಽ ಇದ್ನಿ. ಭಾಳ ಅಂಜಿಕಿ ಆಗಿತ್ತು," ಅಂದ. ಅಪಘಾತದ ವಿಷಯ ಅವನು ಆಡಿದ ಮೊದಲ ಮಾತು ಅದು. ಹುಲಿಗೆವ್ವನ ಕೈ ಗೇರಿನ ಮೇಲೇ ನಿಂತಿತು. ಆಮೇಲೆ ಆಕೆ ಕ್ಲಚ್ ಬಿಟ್ಟಳು.

ಮುದುಕ ಇಂಜಿನ್ ಅವಸರ ಮಾಡಲಿಲ್ಲ. ಗುಡುಗುಡು ಎನ್ನುತ್ತ ಏರಿತು. ಬಂಡೆಯ ಮೇಲೆ ನನ್ನದೇ ಬಣ್ಣದ ಗೀರು ಇನ್ನೂ ಇತ್ತು. ಅಲ್ಲಿಗೆ ಬಂದಾಗ ನನ್ನ ಒಂದೊಂದು ಬೋಲ್ಟೂ ಬಿಗಿದುಕೊಂಡಿತು. ಯಮನೂರಪ್ಪ ಕಣ್ಣು ಮುಚ್ಚಿ ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿದ್ದ. ನಾವು ನಿಲ್ಲಲಿಲ್ಲ. ಶಾಲೆಯ ಅಂಗಳ ತಲುಪಿದಾಗ ಅವನು ಕಣ್ಣು ಬಿಟ್ಟು, ಇಲ್ಲದ ಬಲಗಾಲನ್ನು ಇನ್ನೂ ನೆಲಕ್ಕೊತ್ತುತ್ತಿದ್ದವನಂತೆ ತೊಡೆ ಸಡಿಲಿಸಿದ. ಡೀಸೆಲ್ ಎಷ್ಟಿದೆಯೆಂದು ತೋರುವ ಮುಳ್ಳಿನ ಗಾಜನ್ನು ಬೆರಳಿಂದ ತಟ್ಟಿದ. "ಇದು ಕೆಟ್ಟೈತಿ. ಇಳಿದಽ ಇಲ್ಲ."

ಕೆಟ್ಟಿರಲಿಲ್ಲ. ಎಳೆಯಲಾರದ ಭಾರಕ್ಕೆ ಕಿರುಚಾಡುತ್ತ ಸಣ್ಣ ಇಂಜಿನ್ ಕುಡಿಯುತ್ತಿದ್ದುದಕ್ಕಿಂತ, ಅದೇ ಭಾರ ಎಳೆಯಲು ಈ ಮುದುಕ ಕಡಿಮೆಯೇ ಕುಡಿಯುತ್ತಿದ್ದ. ಖಾಲಿ ಓಡಿಸಿದರೆ ಹೆಚ್ಚು ಬೇಕಾಗುತ್ತಿತ್ತು, ನಿಜ. ಆದರೆ ನಾವು ಖಾಲಿ ಓಡಿದ್ದು ಎಂದು? ಯಮನೂರಪ್ಪ ಎಷ್ಟೋ ವಾರ ನಂಬದೆ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡುತ್ತಿದ್ದ. ನಂಬಿದ ದಿನ ಮನೆಯಂಗಳದ ಮೂಲೆಯಲ್ಲಿ ಕೂತು, ಇಲ್ಲದ ಕಾಲಿನ ಮೇಲೆ ಕೈಯಿಟ್ಟುಕೊಂಡು, ಸದ್ದಿಲ್ಲದೆ ಅತ್ತ. ನಾನು ನೋಡಬಾರದಿತ್ತು. ದೀಪಗಳಿಗೆ ರೆಪ್ಪೆಯಿಲ್ಲ.

ಆಮೇಲಿನ ವರ್ಷಗಳು ದುಡಿಮೆಯವು. ನಂತರ ದೊಡ್ಡ ಲಾರಿಗಳೇ ಕಲಸಿದ ಕಾಂಕ್ರೀಟು ತಂದು ಪೈಪಿನಲ್ಲಿ ಮೇಲಕ್ಕೆ ಚಿಮ್ಮಿಸತೊಡಗಿದವು. ಮಿಕ್ಸರ್ ಮೂಲೆ ಸೇರಿತು. ಹುಲಿಗೆವ್ವ ಸ್ಲ್ಯಾಬಿನ ಕೆಳಗೆ ಆನಿಸುವ ಹಲಗೆ, ಕಂಬಗಳ ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವ ಅಂಗಡಿ ಇಟ್ಟು, ನನ್ನನ್ನು ಬಾಳೆಕಾಯಿ ವ್ಯಾಪಾರಿಗೆ ಮಾರಿದಳು. ಕೀಲಿ ಕೊಡುವಾಗ ಅವನಿಗೆ ಹೇಳಿದ್ದು ಇಷ್ಟೇ: "ಅವಸರ ಮಾಡಬ್ಯಾಡ್ರಿ. ಅದು ತಾನಾಗಿ ಹತ್ತತೈತಿ." ಯಮನೂರಪ್ಪ ರಸ್ತೆಯವರೆಗೆ ಊರುಗೋಲೂರುತ್ತ ಬಂದ.

ಬಾಳೆಕಾಯಿಯವನ ಬಳಿಕ ಇನ್ನೊಬ್ಬ, ಅವನ ಬಳಿಕ ಗುಜರಿ. ಅಲ್ಲಿ ಮುದುಕ ಇಂಜಿನನ್ನೂ ಬಿಚ್ಚಿ ಒಯ್ದರು, ಹಿಂಬದಿಯನ್ನು ಕತ್ತರಿಸಿದರು. ಉಳಿದದ್ದು ಬರೀ ಮುಂಭಾಗ. ಕರಗಿಸಲು ಒಯ್ಯುತ್ತಾರೆಂದು ಕಾದಿದ್ದೆ. ಆದರೆ ಗುಜರಿಯ ಕಾವಲುಗಾರನಿಗೆ ಕೂರಲು ಸೀಟು ಬೇಕಿತ್ತು. ನಾಲ್ಕಾರು ಜನ ಸೇರಿ ನನ್ನನ್ನು ಪಕ್ಕದ ಅರ್ಧ ಕಟ್ಟಿ ನಿಂತ ಕಟ್ಟಡದೊಳಗೆ ತಳ್ಳಿದರು.

ತಲೆಯ ಮೇಲೆ ಸ್ಲ್ಯಾಬ್ ಇತ್ತು.

ನಾನು ಸ್ತಬ್ಧನಾದೆ. ಬದುಕಿಡೀ ಸ್ಲ್ಯಾಬಿನ ಕೆಲಸಕ್ಕೆ ಓಡಾಡಿದೆ, ಆದರೆ ಗಾಡಿಯನ್ನು ಯಾರು ಮನೆಯೊಳಗೆ ಕರೆಯುತ್ತಾರೆ? ಪ್ರತಿ ಸಲ ಹೊರಗೆ, ಬಿಸಿಲಿನಲ್ಲಿ ನಿಂತೆ. ಅದರ ಒಳಮೈಯನ್ನು ಒಮ್ಮೆಯೂ ಕಂಡಿರಲಿಲ್ಲ. ಹಲಗೆಯ ಗೆರೆಗಳು, ಮರದ ಗಂಟಿನ ಗುರುತು, ಜೋಡಣೆಯ ಸಂದಿಯಲ್ಲಿ ಇಣುಕಿ ಗಟ್ಟಿಯಾದ ಸಿಮೆಂಟಿನ ಹಾಲು, ಎಲ್ಲ ಹಾಗೇ ಅಚ್ಚೊತ್ತಿವೆ. ಯಾವ ಗ್ಯಾಂಗು ಹಾಕಿತೋ, ಯಾವ ಗಾಡಿ ಎಳೆದು ತಂದಿತೋ ನನಗೆ ಗೊತ್ತಿಲ್ಲ.

ಹೊರಗೆ ಮಳೆ ಶುರುವಾಯಿತು. ಕಾವಲುಗಾರ ಓಡಿಬಂದು ನನ್ನ ಸೀಟಿನಲ್ಲಿ ಕೂತು ಮುಖ ಒರೆಸಿಕೊಂಡ. ನನ್ನ ಮೇಲೆ ಒಂದು ಹನಿಯೂ ಬೀಳಲಿಲ್ಲ.