ಮರಳಿನ ದ್ವೀಪಕ್ಕೆ ರತ್ನಾಬಾಯಿ

“ಶಶಿಧರ್, ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ನಿಮ್ ತಾಯಿ ಪಾರ್ಕಲ್ಲಿ ಮಕ್ಕಳು ಆಡೋ ಮರಳುಗುಂಡಿಯೊಳಗೆ ಬರಿಗಾಲಲ್ಲಿ ಸುತ್ತು ಹಾಕ್ತಿದ್ರು. ಸೀರೆ ಬೇರೆ ಎತ್ತಿ ಸಿಕ್ಕಿಸಿದ್ರು. ಮನೇಲಿ ಎಲ್ಲಾ ಸರಿ ಇದೆ ತಾನೆ?”

ಸ್ಟ್ಯಾನ್ಮೋರಿನ ಲೋಕೇಶನ ದನಿ ಸ್ಪೀಕರಿನಿಂದ ಇಡೀ ಅಡುಗೆಮನೆಗೆ ಕೇಳಿಸಿತು. ಶಶಿಧರ ಫೋನನ್ನು ಮೇಜಿನ ಮೇಲಿಟ್ಟು ಹಣೆ ಹಿಡಿದು ಕೂತಿದ್ದ. ಲೋಕೇಶ ನಮ್ಮ ಇಲ್ಫರ್ಡಿನಲ್ಲೇ ಇರುವ ತನ್ನ ತಂಗಿಯ ಮನೆಗೆ ಬಂದವನು, ಮಗನನ್ನು ಪಾರ್ಕಿಗೆ ಕರೆದೊಯ್ದಿದ್ದನಂತೆ. ನೋಡಿದ್ದು ಸಾಲದೆಂದು ವಿಡಿಯೋ ತೆಗೆದು ಇಂಗ್ಲಿಷರ ನಾಡಿನ ನಮ್ಮ ಕನ್ನಡ ಬಳಗದ ವಾಟ್ಸ್ಯಾಪಿಗೂ ಹಾಕಿದ್ದ. ಎಜ್‌ವೇರಿನಿಂದ ಯಾರೋ ಆಗಲೇ ನಗುವ ಮುಖಗಳನ್ನು ಸಾಲಾಗಿ ಕಳಿಸಿದ್ದರು.

ಎದುರಿಗೇ ಕೂತು ಅವಲಕ್ಕಿ ತಿನ್ನುತ್ತಿದ್ದ ರತ್ನಾಬಾಯಿ ಫೋನಿನ ಕಡೆ ಬಾಗಿದರು.

“ಮನ್ಯಾಗ ಎಲ್ಲಾ ಛಲೋ ಐತಿ ಲೋಕೇಶಪ್ಪಾ. ನಿನ್ನ ಮಗಾ ಅದೇ ಮರಳಾಗ ಉಚ್ಚಿ ಹೊಯ್ದನಲ್ಲ, ಅದನ್ನೂ ವಿಡಿಯೋ ತಗದಿಯೇನು?”

ಲೈನು ಕಟ್ಟಾಯಿತು. ನಾನು ಚಹಾದ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ನಾನು, ವಿಜಯಾ, ಎರಡು ಬೀದಿ ಆಚೆಯವಳು. ವಿಡಿಯೋದ ಮೂಲೆಯಲ್ಲಿ ಚಪ್ಪಲಿ ಕಾಯುತ್ತಾ ಬೆಂಚಿನ ಮೇಲೆ ಕೂತಿರುವವಳೂ ನಾನೇ. ಮೈಸೂರಿನ ನನಗೂ ವಿಜಯಪುರದ ರತ್ನಾಬಾಯಿಗೂ ಗೆಳೆತನ ಬೆಳೆದದ್ದು ಮೊಣಕಾಲಿನಿಂದ. ಆಸ್ಪತ್ರೆಯಲ್ಲಿ ಕಾಲು ಮಡಚುವ ಪಾಠಕ್ಕೆ ಒಟ್ಟಿಗೆ ಹೋಗುತ್ತಿದ್ದೆವು, ಒಟ್ಟಿಗೆ ಅಯ್ಯೋ ಅನ್ನುತ್ತಿದ್ದೆವು. ಈಗ ಒಟ್ಟಿಗೆ ಆಸ್ಟ್ರೇಲಿಯಾಕ್ಕೆ ಹೊರಟಿದ್ದೆವು.

ಅಲ್ಲಿ ಪೂರ್ವದ ಕರಾವಳಿಯಲ್ಲಿ ಒಂದು ದ್ವೀಪವಿದೆ, ಪೂರ್ತಿ ಮರಳಿನದು. ಅಷ್ಟು ದೊಡ್ಡ ಮರಳಿನ ದ್ವೀಪ ಜಗತ್ತಿನಲ್ಲಿ ಇನ್ನೊಂದಿಲ್ಲ. ಆ ಮರಳಿನ ಮೇಲೆಯೇ ಕತ್ತೆತ್ತಿ ನೋಡಬೇಕಾದಂಥ ಕಾಡು, ದಿಬ್ಬಗಳ ನಡುವೆ ಸಿಹಿನೀರಿನ ಕೆರೆಗಳು, ಡಿಂಗೋ ಎಂಬ ಕಾಡುನಾಯಿ, ದಂಡೆಯಲ್ಲಿ ತುಕ್ಕು ಹಿಡಿದು ಕೂತ ಹಳೆಯ ಹಡಗು. ರತ್ನಾಬಾಯಿಗೆ ಇದನ್ನು ಮೊದಲು ಹೇಳಿದವರು ಗಂಡ ಮುರಿಗೆಪ್ಪ. ಅವರು ಇಲ್ಲೇ ಹತ್ತಿರದ ಟಿಲ್ಬರಿಯ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಕಟ್ಟೆಗಳನ್ನು ಮತ್ತೆ ಕಟ್ಟುವಾಗ ಆ ದ್ವೀಪದ ಮರಗಳನ್ನೇ ತಂದು ನೀರಿನೊಳಗೆ ನಿಲ್ಲಿಸಿದ್ದರೆಂದು ಹಳೆಯ ಕೆಲಸಗಾರರು ಅವರಿಗೆ ಹೇಳಿದ್ದರಂತೆ. ಎರೆ ಮಣ್ಣಿನಲ್ಲಿ ಹುಟ್ಟಿ ಬೆಳೆದ ರತ್ನಾಬಾಯಿ ನಂಬಲಿಲ್ಲ. “ಮರಳಾಗ ಸಜ್ಜಿ ಸುದ್ದಾ ಬರಂಗಿಲ್ಲ, ಇವರು ಮರ ಅಂತಾರ” ಎಂದು ರೊಟ್ಟಿ ಬಡಿಯುತ್ತಲೇ ಜಗಳ ಹೂಡಿದರು. ಆ ಜಗಳ ವರ್ಷಗಟ್ಟಲೆ ನಡೆಯಿತು. ಅದು ಮುಗಿಯುವ ಮುಂಚೆ ಮುರಿಗೆಪ್ಪ ಹೋದರು.

ಗುರುವಾರ ವಿಮಾನ. ಮರಳಲ್ಲಿ ನಡೆದು ಕಾಲು ಪಳಗಲೆಂದೇ ಪಾರ್ಕಿನ ಆ ಸುತ್ತು. ಟಿಕೆಟ್ಟು ಆಗಿತ್ತು, ವೀಸಾವನ್ನು ಮೊಮ್ಮಗಳು ಸಾನ್ವಿ ಫೋನಿನಲ್ಲೇ ಮಾಡಿಕೊಟ್ಟಿದ್ದಳು. ನನ್ನ ಮನೆಯವರು ನರಸಿಂಹಮೂರ್ತಿ “ಹೋಗಿ ಬಾ, ಸಾರಿನ ಪುಡಿ ಎಲ್ಲಿದೆ ಅಂತ ತೋರಿಸಿ ಹೋಗು” ಎಂದಿದ್ದರು, ಅಷ್ಟೇ. ರತ್ನಾಬಾಯಿಯ ಮನೆಯಲ್ಲಿ ಮಾತ್ರ ಎಲ್ಲರ ಪಾಸ್‌ಪೋರ್ಟು ಮೇಲಿನ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಬೀಗದ ಕೈ ಶಶಿಧರನ ಜೇಬಿನಲ್ಲಿ. ಅವನು ಕೆಟ್ಟ ಮಗನಲ್ಲ. ತಾಯಿಯ ಆಪರೇಷನ್ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ಅತ್ತದ್ದನ್ನು ನಾನೇ ಕಂಡಿದ್ದೇನೆ.

“ಅವ್ವಾ, ಮೊಣಕಾಲು ಬದಲಿ ಮಾಡಿಸಿ ವರ್ಷ ಆಗಿಲ್ಲ,” ಎಂದ. “ಅಲ್ಲಿ ರೋಡ್ ಇಲ್ಲ, ಮರಳಾಗ ಗಾಡಿ ಓಡಸ್ತಾರ. ನಾಯಿ ಅದಾವ. ಏನರ ಆದ್ರ ನಾ ಇಲ್ಲಿ ಕುಂತು ಏನ್ ಮಾಡ್ಲಿ?”

“ನಾಯಿ ನಮ್ಮೂರಾಗೂ ಅದಾವ.”

“ಅಜ್ಜಿ, ದೇ ಆರ್ ನಾಟ್ ಡಾಗ್ಸ್, ಡಿಂಗೋಸ್,” ಎಂದಳು ಸಾನ್ವಿ, ಟೋಸ್ಟಿಗೆ ಬೆಣ್ಣೆ ಸವರುತ್ತಾ. “ಯು ಮಸ್ಟಂಟ್ ರನ್, ಓಕೆ?”

“ನೋಡು, ಓಡಬಾರದಂತ. ನನಗ ಓಡಾಕ ಬರೂದೂ ಇಲ್ಲ. ಛಲೋನ ಆತು.”

“ಮಂದಿ ನಗಾಕತ್ತಾರ, ಅವ್ವಾ.”

“ನಗಲಿ ಬಿಡು. ಹಲ್ಲಿಗೆ ಗಾಳಿ ಆಡ್ತೈತಿ.”

ಶಶಿಧರ ಕುರ್ಚಿ ಹತ್ತಿರ ಎಳೆದುಕೊಂಡ. “ಕಾಶಿಗೆ ಅನ್ನು, ನಾಳೆನ ರಜಾ ಹಾಕ್ತೀನಿ. ಶ್ರೀಶೈಲ ಅನ್ನು, ಕೂಡಲಸಂಗಮ ಅನ್ನು, ಕೈ ಹಿಡಕೊಂಡು ಕರ್ಕೊಂಡು ಹೋಗ್ತೀನಿ. ಮರಳು ನೋಡಾಕ ಇಷ್ಟು ದೂರ ಯಾರರ ಹೋಗ್ತಾರೇನು?”

ಇನ್ನು ಸುಮ್ಮನಿದ್ದರೆ ಆಗದೆಂದು ನಾನು ಬಾಯಿ ಹಾಕಿದೆ. “ಅಲ್ಲಪ್ಪಾ, ಅದು ನಿಮ್ಮ ತಂದೆ ಹೇಳ್ತಿದ್ದ ಜಾಗ. ಅವರ ನೆನಪಿಗೆ ಅಂತ ಒಂದ್ಸಲ ಹೋಗಿಬರಲಿ.”

ಅವನ ಮುಖ ತಟ್ಟನೆ ಮೆತ್ತಗಾಯಿತು. “ಅಪ್ಪಾನ ಸಲುವಾಗಿ ಅಂದ್ರ ಬ್ಯಾರೆ ಮಾತು. ಹಂಗೇನು ಅವ್ವಾ? ಅಪ್ಪಾಗ ಅಲ್ಲಿ ಹೋಗೂ ಆಸೆ ಇತ್ತೇನು?”

ಹೂಂ ಎಂದಿದ್ದರೆ ಮುಗಿದಿತ್ತು. ಕಪಾಟು ಆಗಲೇ ಅರ್ಧ ತೆರೆದಂತಿತ್ತು. ನಾನು ಮೇಜಿನ ಕೆಳಗೆ ರತ್ನಾಬಾಯಿಯ ಕಾಲು ಒತ್ತಿದೆ.

“ತುಳೀಬ್ಯಾಡ ವಿಜಯಾ, ಹೊಸಾ ಮೊಣಕಾಲು ಐತಿ,” ಎಂದರು ಅವರು, ಎಲ್ಲರಿಗೂ ಕೇಳುವಂತೆ. “ಸುಳ್ಳು ಯಾಕ ಹೇಳ್ಲಿ? ಶಶೀ, ನಿಮ್ಮಪ್ಪಗ ಅಂಥಾ ಆಸೆ ಇರಲೇ ಇಲ್ಲ. ದಿನಾ ಹಡಗು ನೋಡೂ ಮನಶ್ಯಾ, ದೋಣಿಯಾಗ ಕುಂತ್ರ ವಾಂತಿ ಮಾಡ್ಕೋತಿದ್ರು. ಆಸೆ ನಂದು.”

“ಅವ್ವಾ...”

“ಕೇಳಿಲ್ಲೆ. ಅವರ ಕೆಲಸಕ್ಕ ಅಂತ ಈ ದೇಶಕ್ಕ ಬಂದೆ. ನಿನ್ನ ಸಾಲಿ ಸಲುವಾಗಿ ಈ ಓಣಿಗೆ ಬಂದೆ. ಈಗ ಕಾಶಿಗೆ ಹೋದ್ರ ಅದೂ ಅವರ ಪುಣ್ಯಾಕ. ನನಗ ನೋಡಬೇಕಾಗೇತಿ ಅಂತ ಒಮ್ಮಿ ಹೋಗಬಾರದೇನು? ಮರಳಾಗ ಅಷ್ಟು ದೊಡ್ಡ ಮರ ಹೆಂಗ ನಿಂತಾವು ಅಂತ ಕೈ ಹಚ್ಚಿ ನೋಡಬೇಕು. ಆ ದ್ವೀಪದ ಮಂದಿ, ಬಿಳಿಯರು ಇಟ್ಟ ಹೆಸರು ತಗದ ಒಗದು ತಮ್ಮ ಹೆಸರು ವಾಪಸ್ ತಗೊಂಡಾರಂತ. ಅವರ ಬಾಯಲೆ ಆ ಹೆಸರು ಕೇಳಬೇಕು. ಇಷ್ಟ. ಇದರಾಗ ನಿಮ್ಮಪ್ಪ ಇಲ್ಲ, ದೇವರೂ ಇಲ್ಲ.”

ಶಶಿಧರ ಎದ್ದು ನಿಂತ. ದನಿ ಏರಿಸಲಿಲ್ಲ. “ಸಿಟ್ಟಾಗು, ಬೈ, ಊಟ ಬಿಡು. ಪಾಸ್‌ಪೋರ್ಟ್ ಕೊಡಂಗಿಲ್ಲ.”

ಸಾನ್ವಿಯ ಚಾಕು ನಿಂತಿತು. ಹೊರಗೆ ಕೌನ್ಸಿಲಿನ ಕಸದ ಗಾಡಿ ಡಬ್ಬಿಗಳನ್ನು ಎತ್ತಿ ಕುಕ್ಕುತ್ತಾ ಮುಂದೆ ಹೋಯಿತು. ನನಗೆ ನನ್ನ ಸೂಟ್‌ಕೇಸು ನೆನಪಾಯಿತು. ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ.

ರತ್ನಾಬಾಯಿ ಬಾಯಿ ತೊಳೆದುಕೊಂಡು ಬಂದರು. ಭುಜದ ಮೇಲಿನ ಕಾರ್ಡಿಗನ್ ತೆಗೆದು ಕುರ್ಚಿಗೆ ಹಾಕಿ, ಸೆರಗನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಹಿಡಿದು ನಿಂತರು.

“ಪ್ರಿಯಾಂಕಾ, ನನ್ನ ಉಡಿ ತುಂಬು.”

ಒಲೆಯ ಮುಂದಿದ್ದ ಸೊಸೆ ತಿರುಗಿ ನೋಡಿದಳು. ಅವರ ಕಡೆ ಹೆಣ್ಣುಮಗಳು ದೂರ ಹೊರಟರೆ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ಉಡಿ ತುಂಬಿದ ಮೇಲೆ ಹೊರಟವಳನ್ನು ತಡೆಯಬಾರದು ಎಂಬುದು ಆ ಮನೆಯಲ್ಲಿ ಹಿರಿಯರಿಂದ ಬಂದ ಮಾತು. ಆದರೆ ಅದೆಲ್ಲ ಗಂಡ ಇರುವವರಿಗೆ. ಮುರಿಗೆಪ್ಪ ಹೋದಾಗಿನಿಂದ ರತ್ನಾಬಾಯಿಗೆ ಯಾರೂ ಉಡಿ ತುಂಬಿರಲಿಲ್ಲ. ಬಳಗದ ಸೀಮಂತಗಳಲ್ಲಿ ಆ ಹೊತ್ತು ಬಂದಾಗ ಅವರು ತಾವಾಗಿಯೇ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯುತ್ತಾ ನಿಲ್ಲುತ್ತಿದ್ದರು. ನಾನೂ ನೋಡಿ ಸುಮ್ಮನಿದ್ದವಳೇ.

“ಅವ್ವಾ, ನಿನಗ ಉಡಿ...” ಎಂದ ಶಶಿಧರ, ಅಲ್ಲಿಗೇ ನಿಂತ.

“ಯಾಕ ನಿಂತಿ? ಮುಂದಿಂದೂ ಹೇಳು. ನಿನ್ನ ಬಾಯಿಂದನ ಕೇಳ್ತೀನಿ.”

ರತ್ನಾಬಾಯಿ ಕಾದರು. ನಿಜವಾಗಿಯೂ ಕಾದರು, ತಲೆ ಸ್ವಲ್ಪ ಓರೆ ಮಾಡಿಕೊಂಡು. ಹೆತ್ತವಳ ಮುಖ ನೋಡಿ ಆ ಮಾತು ಆಡುವುದು ಅವನಿಂದ ಆಗಲಿಲ್ಲ.

ಪ್ರಿಯಾಂಕಾ ಒಲೆ ಆರಿಸಿದಳು. ಧಾರವಾಡದ ಹುಡುಗಿ, ತಾಯಿ-ಮಗನ ಜಗಳದಲ್ಲಿ ಎಂದೂ ಬಾಯಿ ಹಾಕಿದವಳಲ್ಲ. ಈಗಲೂ ಒಲೆ ಒರೆಸುವ ಬಟ್ಟೆಯಲ್ಲೇ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

“ಅತ್ತಿ, ಕೊಬ್ಬರಿ ಬಟ್ಟಲ ಇಲ್ಲರಿ. ಪಾಕೀಟಿನಾಗಿನ ತುರಿ ಅದ. ನಡೀತದೇನ್ರಿ?”

“ನಡೀತೈತಿ ತಾಯಿ.”

“ಪ್ರಿಯಾ,” ಎಂದ ಶಶಿಧರ ಮೆಲ್ಲಗೆ.

“ನೀವು ಒಂಚೂರು ಆ ಕಡೆ ಸರೀರಿ. ಅಕ್ಕಿ ಡಬ್ಬಿ ನಿಮ್ಮ ಹಿಂದ ಅದ.”

ಅವನು ಸರಿದ. ಪ್ರಿಯಾಂಕಾ ಅತ್ತೆಯ ಹಣೆಗೆ ವಿಭೂತಿ ಹಚ್ಚಿ, ಬೊಗಸೆ ತುಂಬ ಅಕ್ಕಿ ಸುರಿದಳು. ಭಾರಕ್ಕೆ ಸೆರಗು ಜಗ್ಗಿ ಸೀರೆಯ ನಿರಿಗೆ ಸಡಿಲಾಯಿತು, ಬೆಳಗಿನ ಮರಳು ಸಣ್ಣಗೆ ನೆಲದ ಮೇಲೆ ಉದುರಿತು. ಶಶಿಧರ ಅದನ್ನು ದಾಟಿಕೊಂಡು ಮೆಟ್ಟಿಲಿನ ಕಡೆ ಹೋದ. ಎರಡನೆಯ ಬೊಗಸೆ ಬೀಳುವ ಹೊತ್ತಿಗೆ ಮೇಲಿನ ಕೋಣೆಯಲ್ಲಿ ಕಪಾಟಿನ ಹಿಡಿಕೆ ತಿರುಗಿದ ಸದ್ದು ಕೇಳಿಸಿತು.